ಸೀಮೆಹಸುವಿನೊಳಗೊಂದು ನಾಟಿ ತಾಯಿ

ಪುಷ್ಯ ಮಾಸದಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ಬರುವವರಲ್ಲಿ ಎರಡು ಪಂಗಡ. ಒಂದು ಪಂಗಡ ಸಾಲಿನಲ್ಲಿ ನಿಂತು, ಎದುರಿಗೆ ಹೆಡೆಬಿಚ್ಚಿದ ಸುಬ್ರಹ್ಮಣ್ಯನನ್ನೂ ಹಿಂದಿನ ಕನ್ನಡಿಯಲ್ಲಿ ಅದೇ ಕಲ್ಲಿನ ಬೆನ್ನಿಗಿರುವ ನರಸಿಂಹನನ್ನೂ ನೋಡಿ ಕೈಮುಗಿಯುತ್ತದೆ. ಇನ್ನೊಂದು ಪಂಗಡ ಗೋಪುರದ ಕಡೆ ತಿರುಗಿ ನಿಂತಲ್ಲೇ ಒಂದು ನಮಸ್ಕಾರ ಹಾಕಿ ಸೀದಾ ದನಗಳ ಬಯಲಿಗೆ ಇಳಿಯುತ್ತದೆ. ನಾನು ಈ ಎರಡನೆಯವರ ಹಿಂದೆ ಹೋದವನು.

ಲೆಕ್ಕಕ್ಕೆ ಘಾಟಿ ಇರುವುದು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ. ಆದರೆ ಗುಡ್ಡದಾಚೆ ಗೌರಿಬಿದನೂರು, ಮೂಡಣಕ್ಕೆ ನಂದಿ ಬೆಟ್ಟ, ಅದರಾಚೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ. ಆ ಸೀಮೆಯ ದನಗಾರರಿಗೆಲ್ಲ ವರ್ಷಕ್ಕೊಮ್ಮೆ ಇದೇ ರಾಜಧಾನಿ. 2022ರ ಕೊನೆಯಲ್ಲಿ ಚರ್ಮಗಂಟು ರೋಗ ಹಬ್ಬಿ ರಾಜ್ಯದಲ್ಲಿ ದನಗಳ ಜಾತ್ರೆಗಳಿಗೆ ತಡೆ ಬಿದ್ದಿತಲ್ಲ, ಆ ವರ್ಷವನ್ನು ಇಲ್ಲಿಯವರು ಈಗಲೂ ಬರಗಾಲದ ಹಾಗೆ ನೆನೆಯುತ್ತಾರೆ.

ಬೆಳಗಿನ ಮಂಜು ಇನ್ನೂ ಹರಿದಿರಲಿಲ್ಲ. ಮೊದಲು ಕಂಡದ್ದು ದನಗಳಲ್ಲ, ಕೊಂಬುಗಳು. ಮಂಜಿನ ಮೇಲೆ ಎದ್ದು ನಿಂತ ನೂರಾರು ಕೊಂಬುಗಳು. ಹತ್ತಿರ ಹೋದಂತೆ ಒಂದೊಂದರ ಕೆಳಗೂ ಒಂದು ಉದ್ದನೆಯ ಮುಖ, ಬೂದುಬಣ್ಣದ ಕತ್ತು, ಕಪ್ಪು ಗೊರಸು ಮೂಡಿಬಂದವು. ಹಳ್ಳಿಕಾರ್! ಪೆಂಡಾಲು, ಬಾಳೆಕಂದು, ಸೀರಿಯಲ್ ಸೆಟ್ಟಿನ ದೀಪ, ಕಾಲ ಕೆಳಗೆ ಮೆತ್ತನೆಯ ಮರಳು. ಮದುವೆ ಗಂಡಿಗೂ ಇಷ್ಟು ಉಪಚಾರ ಇರುವುದಿಲ್ಲ. ಒಬ್ಬ ಹುಡುಗ ತನ್ನ ಹೋರಿಯ ಮೈಯನ್ನು ಒದ್ದೆಬಟ್ಟೆಯಲ್ಲಿ ಒರೆಸುತ್ತಿದ್ದ, ಅವನ ತಮ್ಮ ಅದನ್ನು ಮೊಬೈಲಿನಲ್ಲಿ ರೀಲ್ಸ್ ಮಾಡುತ್ತಿದ್ದ.

ಹಳ್ಳಿಕಾರಿನ ಕೊಂಬನ್ನು ಹತ್ತಿರ ನಿಂತು ನೋಡಬೇಕು. ನೆತ್ತಿಯ ಮೇಲೆ ಎರಡೂ ಒಂದಕ್ಕೊಂದು ಒತ್ತಿಕೊಂಡೇ ಹುಟ್ಟುತ್ತವೆ. ಅರ್ಧ ಉದ್ದದವರೆಗೆ ಹಿಂದಕ್ಕೆ ನೆಟ್ಟಗೆ ಹೋಗುತ್ತವೆ. ಆಮೇಲೆ, ಏನೋ ನೆನಪಾದಂತೆ, ಮುಂದಕ್ಕೆ ಒಂದಿಷ್ಟು ಬಾಗಿ ತುದಿಯಲ್ಲಿ ಕಪ್ಪಾಗಿ ಚೂಪಾಗುತ್ತವೆ. 1953ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಗಾಗಿ ಜೋಷಿ ಮತ್ತು ಫಿಲಿಪ್ಸ್ ಎಂಬಿಬ್ಬರು ಭಾರತ–ಪಾಕಿಸ್ತಾನದ ದನಗಳ ಮೇಲೆ ಒಂದು ಗ್ರಂಥ ಬರೆದರು. ಅದರಲ್ಲಿ ಈ ಕೊಂಬಿನ ಗುರುತು ಹಿಡಿದೇ ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ಕಂಗಾಯಂ, ಆಲಂಬಾಡಿ, ಬರಗೂರು ತಳಿಗಳನ್ನೆಲ್ಲ ಒಂದೇ ಮನೆತನಕ್ಕೆ ಸೇರಿಸಿ ‘ಮೈಸೂರು ಮಾದರಿ’ ಎಂದು ಕರೆದರು. ಅಂಚೆ ಇಲಾಖೆ 2000ನೇ ಇಸವಿಯಲ್ಲಿ ದೇಶಿ ದನಗಳ ನಾಲ್ಕು ಸ್ಟಾಂಪು ಹೊರಡಿಸಿದಾಗ ಗಿರ್, ಕಾಂಕ್ರೇಜ್, ಕಂಗಾಯಂಗಳ ಜೊತೆ ಹಳ್ಳಿಕಾರಿಗೂ ಜಾಗ ಸಿಕ್ಕಿತು.

ಬಯಲಿನಲ್ಲಿ ವ್ಯಾಪಾರ ಶುರುವಾಗಿತ್ತು. ದಲ್ಲಾಳಿ ಹೋರಿಯ ಕೆಳತುಟಿಯನ್ನು ಹೆಬ್ಬೆರಳಿನಿಂದ ಮಡಿಸಿ ಹಲ್ಲು ತೋರಿಸಿದ. ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ. ಕೆಳಗಿರುವುದು ಎಂಟು. ಹಾಲುಹಲ್ಲು ಉದುರಿ ಜೋಡಿಜೋಡಿಯಾಗಿ ದೊಡ್ಡ ಹಲ್ಲು ಬರುತ್ತಾ ಹೋಗುತ್ತದೆ: ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕೊನೆಗೆ ಬಾಯಿಗೂಡಿದ್ದು. ಜನನ ಪ್ರಮಾಣಪತ್ರ ಅಲ್ಲೇ ಇದೆ, ತಿದ್ದಲಾಗುವುದಿಲ್ಲ. ಆಮೇಲೆ ಸುಳಿ ನೋಡಿದರು. ಹಣೆ, ಭುಜ, ಬೆನ್ನು, ಕೂದಲು ಎಲ್ಲೆಲ್ಲಿ ಸುತ್ತಿದೆಯೋ ಅಲ್ಲೆಲ್ಲ ಬೆರಳಾಡಿತು. ಗಂಗೆದೊಗಲನ್ನು ಹಿಡಿದು ಎಳೆದು ಬಿಟ್ಟರು. ನಾಲ್ಕು ಹೆಜ್ಜೆ ನಡೆಸಿ, ಹಿಂಗಾಲು ಮುಂಗಾಲಿನ ಹೆಜ್ಜೆಯ ಮೇಲೆ ಬೀಳುತ್ತದೋ ಇಲ್ಲವೋ ನೋಡಿದರು. ಕೊನೆಗೆ ಟವೆಲ್ಲಿನ ಕೆಳಗೆ ಎರಡು ಕೈ ಸೇರಿದವು. ಬೆರಳು ಬೆರಳನ್ನು ಒತ್ತಿತು. ಮುಖ ಎರಡೂ ಕಲ್ಲು. ನಾನು ಪಕ್ಕದಲ್ಲೇ ನಿಂತಿದ್ದೆ, ಲಕ್ಷಗಳ ಮಾತು ನಡೆದು ಮುಗಿಯಿತು, ಒಂದು ಅಂಕಿಯೂ ಕಿವಿಗೆ ಬೀಳಲಿಲ್ಲ.

ತಳಿಶಾಸ್ತ್ರ ಎಂಬ ಹೆಸರು ಹುಟ್ಟುವ ಎಷ್ಟೋ ಮೊದಲು ಈ ಕಣ್ಣು, ಈ ಬೆರಳು ಸೇರಿಯೇ ಈ ಪ್ರಾಣಿಯನ್ನು ಮಾಡಿದವು ಎಂಬುದು ನನಗೆ ಅಲ್ಲಿ ನಿಂತಾಗ ಮೈನವಿರೇಳಿಸಿತು. ಸುಮಾರು ಹದಿನಾರನೇ ಶತಮಾನದಿಂದ ಶ್ರೀರಂಗಪಟ್ಟಣದ ಆಳರಸರು ಹಳ್ಳಿಕಾರ್ ದನಗಳನ್ನು ತರಿಸಿ ಸಾಕಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದಕ್ಕೆ ‘ಬೆಣ್ಣೆಚಾವಡಿ’ ಎಂಬ ಇಲಾಖೆಯೇ ಆಯಿತು. ಟಿಪ್ಪು ಅದನ್ನು ‘ಅಮೃತಮಹಲ್’ ಎಂದು ಕರೆದ. ಹೆಸರು ಹಾಲು ಬೆಣ್ಣೆಯದು, ಕೆಲಸ ಫಿರಂಗಿ ಎಳೆಯುವುದು. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರಿನ ಹಳೆಯ ಗ್ಯಾಸೆಟಿಯರು ಬರೆದಿಟ್ಟಿದೆ. ನೂರು ಮೈಲಿ ಅಂದರೆ ನೂರಾ ಅರವತ್ತು ಕಿಲೋಮೀಟರು. ಭಾರ ಹೊತ್ತ ಗಾಡಿ, ಮಣ್ಣುದಾರಿ! ಟಿಪ್ಪು ಹುಟ್ಟಿದ ದೇವನಹಳ್ಳಿ ಇಲ್ಲಿಂದ ಬಹಳ ದೂರವೇನಲ್ಲ.

ಹೋರಿ ಕಟ್ಟಿದ್ದ ಚಿಕ್ಕಬಳ್ಳಾಪುರ ಕಡೆಯ ರೈತರೊಬ್ಬರನ್ನು ಕರು ಎಲ್ಲಿಯದೆಂದು ಕೇಳಿದೆ.

“ಮಂಡ್ಯದ ಕಡೇದು. ಕರುವಿದ್ದಾಗ ತಂದು, ಸಾಕಿ, ನಡೆ ಕಲಿಸಿ, ಜೋಡಿ ಮಾಡಿ ಮಾರ್ತೀವಿ. ನಾವು ಸಾಕೋರು ಸ್ವಾಮಿ, ಹಡೆಸೋರಲ್ಲ.”

ಆ ಮಾತು ತಲೆಯಲ್ಲಿ ಉಳಿಯಿತು. ಬಯಲನ್ನು ಮತ್ತೆ ಒಂದು ಸುತ್ತು ಹಾಕಿದೆ. ಹೋರಿ, ಹೋರಿ, ಹೋರಿ. ಹಸು ಹುಡುಕಿದರೂ ಅಪರೂಪ. ಇದ್ದ ಒಂದೆರಡಕ್ಕೂ ಪೆಂಡಾಲು ಇರಲಿಲ್ಲ.

ನಂದಿ ಊರಿನ ಭೋಗನಂದೀಶ್ವರದಲ್ಲೂ ಗಂಡಿನದೇ ಮೆರೆದಾಟ. ಒಂಬತ್ತನೇ ಶತಮಾನದ ದೇವಾಲಯ, ಬಾಣರ ರಾಣಿ ರತ್ನಾವಳಿಯ ಹೆಸರು ಅದಕ್ಕೆ ಅಂಟಿಕೊಂಡಿದೆ. ಕರಿಕಲ್ಲಿನ ಬಸವಣ್ಣ ಕಾಲು ಮಡಿಸಿ ಕೂತಿದ್ದಾನೆ. ಹಿಣಿಲು ಇದೆ, ಗಂಗೆದೊಗಲಿನ ಮಡಿಕೆ ಮಡಿಕೆಯೂ ಇದೆ. ಅದು ಭಾರತದ ದನ ಎಂಬುದಕ್ಕೆ ಅಷ್ಟು ಸಾಕು. ಕೊಂಬು ಮಾತ್ರ ಮೊಟಕು. ಹಳ್ಳಿಕಾರಿನಷ್ಟು ಉದ್ದದ ಕೊಂಬನ್ನು ಕಲ್ಲಿನಲ್ಲಿ ಬಿಡಿಸಿದ್ದರೆ ಮೊದಲ ಶಿವರಾತ್ರಿಗೇ ಮುರಿದು ಬೀಳುತ್ತಿತ್ತು ಎಂದು ಶಿಲ್ಪಿಗೆ ಗೊತ್ತಿತ್ತೆಂದು ಕಾಣುತ್ತದೆ.

ಈ ಹಿಣಿಲಿನ ಬೇರು ಎಷ್ಟು ಹಿಂದಕ್ಕೆ ಹೋಗುತ್ತದೆ? ಬಲೂಚಿಸ್ತಾನದ ಮೆಹರ್‌ಗಢದಲ್ಲಿ ಸಿಕ್ಕ ಮೂಳೆಗಳು ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಅಲ್ಲಿ ಹಿಣಿಲಿನ ದನ ಪಳಗುತ್ತಿತ್ತೆಂದು ಹೇಳುತ್ತವೆ. ಯುರೋಪಿನ ಹಿಣಿಲಿಲ್ಲದ ದನ ಪಳಗಿದ್ದು ಬೇರೆಡೆ, ಪಶ್ಚಿಮ ಏಷ್ಯಾದಲ್ಲಿ. ಎರಡರ ಕಾಡುಪೂರ್ವಜರು ಒಬ್ಬರನ್ನೊಬ್ಬರು ಅಗಲಿ ಆಗಲೇ ಲಕ್ಷಾಂತರ ವರ್ಷ ಕಳೆದಿತ್ತು. ಇದು ಗೊತ್ತಾದದ್ದು ಹೋರಿಯಿಂದಲ್ಲ, ಹಸುವಿನಿಂದ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯ ಎಂಬ ಕಣಗಳಿಗೆ ತಮ್ಮದೇ ಒಂದು ತುಣುಕು ಡಿಎನ್‌ಎ ಇದೆ, ಅದು ತಾಯಿಯಿಂದ ಮಾತ್ರ ಇಳಿಯುತ್ತದೆ. ತಂದೆ ಯಾರೇ ಆಗಿರಲಿ, ಆ ಲೆಕ್ಕದಲ್ಲಿ ಅವನಿಲ್ಲ. 2010ರಲ್ಲಿ ಏಷ್ಯಾದ 19 ದೇಶಗಳ 844 ದನಗಳ ಈ ತಾಯಿಗುರುತನ್ನು ವಿಜ್ಞಾನಿಗಳು ಹೋಲಿಸಿ ನೋಡಿದಾಗ ಎರಡೇ ದೊಡ್ಡ ತಾಯಿಬಳಿಗಳು ಸಿಕ್ಕವು. ಎರಡರ ತವರೂ ಭಾರತ ಉಪಖಂಡ. ಚೀನಾದ ಹಿಣಿಲಿನ ದನವನ್ನಾಗಲಿ ವಿಯೆಟ್ನಾಮಿನದನ್ನಾಗಲಿ ತಾಯಿಯ ಕಡೆಯಿಂದ ಹಿಂದಕ್ಕೆ ನಡೆಸಿದರೆ ಅದು ಇಲ್ಲಿಗೇ ಬಂದು ನಿಲ್ಲುತ್ತದೆ.

ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಆವುಲಬೆಟ್ಟ. ಧೇನುಗಿರಿ ಎಂಬುದು ಅದರ ಇನ್ನೊಂದು ಹೆಸರು. ಮೇಲೆ ನರಸಿಂಹ, ಅಂಚಿನಲ್ಲಿ ಹೊರಚಾಚಿದ ಬಂಡೆ, ಬಂಡೆಯ ಮೇಲೆ ಸೆಲ್ಫಿಗೆ ಸರದಿ. ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ, ನನಗೆ ಬೇಕಿದ್ದದ್ದು ಕೆಳಗಿನ ಹೊಳೆ.

ನಂದಿಯ ಮಗ್ಗುಲಿನ ಚನ್ನಕೇಶವ ಬೆಟ್ಟದಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಹಿಂದೂಪುರದ ಕಡೆ ಹೊರಟುಹೋಗುತ್ತದೆ. ಹೊಳೆ ಎಂದರೆ ಬಹುಕಾಲ ಮರಳು, ಜಾಲಿ, ಅಲ್ಲಲ್ಲಿ ಒಂದು ಗುಂಡಿ ನೀರು. ಆದರೂ ಅದು ಹಟ ಬಿಡದೆ ರಾಯಲಸೀಮೆಯನ್ನೆಲ್ಲ ದಾಟಿ ನೆಲ್ಲೂರಿನ ಬಳಿ ಸಮುದ್ರ ಸೇರುತ್ತದೆ. ಅದೇ ಕರಾವಳಿಯ ಒಂಗೋಲು ದನಗಳು ಹತ್ತೊಂಬತ್ತನೇ ಶತಮಾನದಿಂದ ಹಡಗು ಹತ್ತಿ ಬ್ರೆಜಿಲ್ಲಿಗೆ ಹೋದವು. ಇವತ್ತು ಆ ದೇಶದ ಹುಲ್ಲುಗಾವಲನ್ನು ತುಂಬಿರುವ ಬಿಳಿ ದನಗಳ ಹೆಸರು ‘ನೆಲೋರೆ’. ನೋಡಿದರೆ ಅಪ್ಪಟ ನಮ್ಮವೇ, ಹಿಣಿಲು, ಗಂಗೆದೊಗಲು ಎಲ್ಲ. ಆದರೆ ತಾಯಿಗುರುತು ನೋಡಿದಾಗ ಬಹುಪಾಲು ಯುರೋಪಿನ ದನದ್ದು! ಹಡಗಿನಲ್ಲಿ ಹೆಚ್ಚಾಗಿ ಹೋದದ್ದು ಹೋರಿಗಳು. ಅಲ್ಲಿ ಮೊದಲೇ ಇದ್ದ ಪೋರ್ಚುಗೀಸರ ಹಸುಗಳ ಮೇಲೆ ಅವನ್ನು ಬಿಟ್ಟರು, ತಲೆಮಾರು ಕಳೆದಂತೆ ಮೈಯೆಲ್ಲ ಒಂಗೋಲಾಯಿತು, ತಾಯಿಯ ಸಹಿ ಮಾತ್ರ ಹಳೆಯದೇ ಉಳಿಯಿತು. ಆಫ್ರಿಕಾದ ಹಿಣಿಲಿನ ದನಗಳ ಕತೆಯೂ ಇದೇ. ಸುಮಾರು 4,200 ವರ್ಷಗಳ ಹಿಂದೆ, ದೊಡ್ಡ ಬರದ ಕಾಲಕ್ಕೆ, ಪಶ್ಚಿಮ ಏಷ್ಯಾಕ್ಕೆ ನಮ್ಮ ಕಡೆಯ ದನ ಹರಡಿದ್ದೂ ಹೋರಿಗಳ ಮೂಲಕವೇ ಎಂದು ಹಳೆಯ ಮೂಳೆಗಳ ಡಿಎನ್‌ಎ ಓದಿದವರು 2019ರಲ್ಲಿ ಬರೆದರು. ಹೋರಿ ಊರೂರು ತಿರುಗುತ್ತದೆ, ಹಸು ಇದ್ದಲ್ಲೇ ಇರುತ್ತದೆ. ಗೌರಿಬಿದನೂರಿನ ಸೇತುವೆಯ ಮೇಲೆ ನಿಂತು ಆ ಒಣಮರಳನ್ನು ನೋಡುತ್ತಾ, ಇದರ ತುದಿಯಲ್ಲಿ ಬ್ರೆಜಿಲ್ ಇದೆ ಎಂದುಕೊಂಡರೆ ನಗು ಬರುತ್ತದೆ, ಆದರೆ ನಿಜ.

ಶಿಡ್ಲಘಟ್ಟ ಹತ್ತಿರವಾದಂತೆ ಗಾಳಿಯ ವಾಸನೆಯೇ ಬದಲಾಗುತ್ತದೆ. ಬೇಯುವ ಗೂಡಿನ ವಾಸನೆ. ಅದಕ್ಕೆ ಒಗ್ಗಿಕೊಂಡವರಿಗೆ ಅದು ಸಂಬಳದ ವಾಸನೆ, ಒಗ್ಗದವರು ಬಸ್ಸಿನ ಕಿಟಕಿ ಎಳೆದುಕೊಳ್ಳುತ್ತಾರೆ. ರಸ್ತೆಯ ಎರಡೂ ಕಡೆ ಹಿಪ್ಪುನೇರಳೆ, ಪ್ರತಿ ಊರಿನಲ್ಲೂ ಹಾಲಿನ ಡೇರಿ. ಹಳೆಯ ಕೋಲಾರ ಜಿಲ್ಲೆಯನ್ನು ಚಿನ್ನ, ರೇಷ್ಮೆ, ಹಾಲಿನ ನಾಡು ಎನ್ನುತ್ತಿದ್ದರು. 2007ರಲ್ಲಿ ಜಿಲ್ಲೆ ಇಬ್ಭಾಗವಾದಾಗ ಚಿನ್ನ ಅಲ್ಲೇ ಉಳಿಯಿತು, ರೇಷ್ಮೆ ಹಾಲುಗಳಲ್ಲಿ ಚಿಕ್ಕಬಳ್ಳಾಪುರಕ್ಕೂ ಪಾಲು ಬಂತು.

ಹಿಪ್ಪುನೇರಳೆ ತೋಟದ ಮಗ್ಗುಲಿನ ಒಂದು ಕೊಟ್ಟಿಗೆಗೆ ಹೋದೆ. ಕಪ್ಪು ಬಿಳಿ ಮಚ್ಚೆಯ ಸೀಮೆಹಸುಗಳು, ಫ್ಯಾನು, ರಬ್ಬರ್ ಮ್ಯಾಟು. ಮನೆಯಾಕೆ ಮೇವು ಹಾಕುತ್ತಾ, ತಮ್ಮ ಅತ್ತೆಯ ಕಾಲದಲ್ಲಿ ಒಂದು ನಾಟಿ ಹಸುವಿತ್ತು, ಡಾಕ್ಟರು ಬಂದು ಸೂಜಿ ಹಾಕಿದ ಮೇಲೆ ಸೀಮೆಕರು ಹುಟ್ಟಿತು, ಅದರ ಮಗಳು, ಮೊಮ್ಮಗಳು ಇವು ಎಂದರು. ಸೂಜಿ ಎಂದರೆ ಕೃತಕ ಗರ್ಭಧಾರಣೆ. ಕಾಲು ಮಿಲಿಲೀಟರಿನ ಸಣ್ಣ ಕಡ್ಡಿಯಲ್ಲಿ ಹೋಲ್‌ಸ್ಟೀನ್ ಹೋರಿಯ ವೀರ್ಯ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕೂತು ಮನೆಬಾಗಿಲಿಗೆ ಬರುತ್ತದೆ. 1960ರ ದಶಕದಿಂದ ಹೆಸರಘಟ್ಟದ ಕೇಂದ್ರಗಳು ಈ ಕೆಲಸಕ್ಕೆ ಹೆಸರಾದವು. ಎರಡು ಮೂರು ಲೀಟರು ಕರೆಯುತ್ತಿದ್ದ ಕೊಟ್ಟಿಗೆಯಲ್ಲಿ ಹತ್ತು ಹದಿನೈದು ಲೀಟರು ಬಂತು. ಆ ಹಾಲಿನಿಂದ ಮಕ್ಕಳು ಇಂಜಿನಿಯರಿಂಗ್ ಓದಿದರು. ಸೀಮೆಹಸುವನ್ನು ಹಳಿಯುವ ನಗರದ ಭಾಷಣಗಳು ನನಗೆ ರುಚಿಸುವುದಿಲ್ಲ.

ಆದರೆ ಆಕೆ ಹೇಳಿದ ವಂಶಾವಳಿಯನ್ನು ಇನ್ನೊಮ್ಮೆ ಕೇಳಿ. ಅತ್ತೆಯ ನಾಟಿ ಹಸು, ಅದರ ಮಗಳು, ಮೊಮ್ಮಗಳು. ಕಡ್ಡಿಯಲ್ಲಿ ಬಂದದ್ದು ಪ್ರತಿಸಲವೂ ತಂದೆ ಮಾತ್ರ. ಅಂದರೆ ಎದುರಿಗೆ ನಿಂತು ಮೆಲುಕು ಹಾಕುತ್ತಿರುವ ಈ ಕಪ್ಪುಬಿಳಿ ಹಾಲೆಂಡಿನ ಮೈಯೊಳಗೆ, ಹೆಚ್ಚುಕಮ್ಮಿ ಪ್ರತಿಯೊಂದು ಜೀವಕೋಶದಲ್ಲೂ, ಅತ್ತೆಯ ಆ ನಾಟಿ ಹಸುವಿನ ಮೈಟೊಕಾಂಡ್ರಿಯ ಉರಿಯುತ್ತಿದೆ. ಬ್ರೆಜಿಲ್ಲಿನಲ್ಲಿ ಹೊರಗೆ ನಾವು, ಒಳಗೆ ಯುರೋಪು. ಶಿಡ್ಲಘಟ್ಟದಲ್ಲಿ ಹೊರಗೆ ಯುರೋಪು, ಒಳಗೆ ಎಂಟು ಸಾವಿರ ವರ್ಷದ ನಾವು. ನಾನು ಆ ಹಸುವಿನ ಹಣೆ ಮುಟ್ಟಿದೆ. ಅದು ಮೇವಿನ ಆಸೆಗೆ ನನ್ನ ಕೈ ನೆಕ್ಕಿತು.

ಇದು ಸಮಾಧಾನದ ಸಂಗತಿ ಎಂದು ಯಾರೂ ತಿಳಿಯಬಾರದು. ಮೈಟೊಕಾಂಡ್ರಿಯದ ತುಣುಕಿನಿಂದ ಹಳ್ಳಿಕಾರ್ ಮರಳಿ ಬರುವುದಿಲ್ಲ. ಬಿಸಿಲು ತಾಳುವುದು, ಒಣಹುಲ್ಲಿನಲ್ಲಿ ಬದುಕುವುದು, ಉಣ್ಣೆಗೆ ಜಗ್ಗದ ಚರ್ಮ, ಗಟ್ಟಿ ಗೊರಸು, ಇವೆಲ್ಲ ಇರುವುದು ತಂದೆತಾಯಿ ಇಬ್ಬರಿಂದಲೂ ಬರುವ ವಂಶವಾಹಿಗಳಲ್ಲಿ. ಅದು ಪ್ರತಿ ತಲೆಮಾರಿಗೂ ಅರ್ಧರ್ಧ ಕರಗುತ್ತಾ ಹೋಗಿದೆ. 2019ರ ಜಾನುವಾರು ಗಣತಿಯಲ್ಲಿ ದೇಶದ ದೇಶಿ ದನಗಳು ಹಿಂದಿನ ಗಣತಿಗಿಂತ ಶೇ 6ರಷ್ಟು ಇಳಿದಿದ್ದವು, ವಿದೇಶಿ ಮತ್ತು ಮಿಶ್ರತಳಿ ಕಾಲುಭಾಗಕ್ಕೂ ಮೀರಿ ಏರಿದ್ದವು.

ನಾಟಿ ತಳಿ ಹೀಗೆ ಕರಗದಂತೆ ಕಾಯುವುದು ಹೇಗೆ? ಈ ಊರಿಗೆ ಅದರ ಉತ್ತರ ಗೊತ್ತಿದೆ, ಗೊತ್ತಿರುವುದು ಗೂಡಿನ ಮಾರುಕಟ್ಟೆಯಲ್ಲಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ದೇಶದ ದೊಡ್ಡವುಗಳಲ್ಲಿ ಒಂದು. ಜಾಲರಿಗಳಲ್ಲಿ ಹರವಿದ ಗೂಡನ್ನು ಒಬ್ಬ ರೀಲರ್ ಹಿಡಿಯಷ್ಟು ಎತ್ತಿ ಕಿವಿಯ ಬಳಿ ಅಲ್ಲಾಡಿಸಿದ, ಒಳಗಿನ ಪ್ಯೂಪ ಟಕ್ ಎಂದಿತು, ಅವನ ಹೆಬ್ಬೆರಳು ಮೊಬೈಲಿನಲ್ಲಿ ಹರಾಜಿನ ದರ ಒತ್ತಿತು. ತಿಳಿಹಳದಿ ಬಣ್ಣದ ಆ ಗೂಡು ಮಿಶ್ರತಳಿ. ಇಲ್ಲಿನವರು ಸಿಬಿ, ಅಂದರೆ ಕ್ರಾಸ್ ಬ್ರೀಡ್, ಎನ್ನುವುದು ಅದಕ್ಕೇ. ಅದರ ತಂದೆ ಬಿಳಿಗೂಡು ಕಟ್ಟುವ ತಳಿ ಸಿಎಸ್‌ಆರ್–2. ತಾಯಿ? ತಾಯಿ ನಮ್ಮ ನಾಟಿ ರೇಷ್ಮೆಹುಳು, ‘ಮೈಸೂರು ತಳಿ’. ‘ಕೋಲಾರ್ ಗೋಲ್ಡ್’ ಎಂಬ ಹೆಸರಿನಲ್ಲಿ ಊರೂರಿಗೆ ಹೋದ ಮಿಶ್ರತಳಿಯೂ ಇದೇ ಜೋಡಿ.

ನೋಡಿ, ರೇಷ್ಮೆಯವರು ಏನು ಮಾಡಿದರು! ಮಿಶ್ರತಳಿಯ ಹುಳುವನ್ನು ಮತ್ತೆ ಮತ್ತೆ ಬೆರೆಸುತ್ತಾ ಹೋದರೆ ಗುಣ ಚದುರುತ್ತದೆ ಎಂದು ಅವರಿಗೆ ಮೊದಲೇ ಗೊತ್ತಿತ್ತು. ಪ್ರತಿ ಬೆಳೆಗೂ ಶುದ್ಧ ತಾಯಿ ಬೇಕು. ಹಾಗಾಗಿ ಮೈಸೂರು ತಳಿಯನ್ನು ಸಾಕಲೆಂದೇ ಕುಣಿಗಲ್, ಮಾಗಡಿ ಸೀಮೆಯಂಥ ಬಿತ್ತನೆ ಪ್ರದೇಶಗಳನ್ನು ಗುರುತಿಸಿದರು, 1959ರಲ್ಲಿ ಕಾಯಿದೆ ಮಾಡಿದರು, ಆ ಗೂಡಿಗೆ ಬೇರೆ ಮಾರುಕಟ್ಟೆ, ಬೇರೆ ದರ ಇಟ್ಟರು. ನಾಟಿ ತಾಯಿ ನೂಲು ಕಡಿಮೆ ಕೊಡುತ್ತಾಳೆಂದು ಅವಳನ್ನು ಬಿಡಲಿಲ್ಲ, ಅವಳನ್ನು ಸಾಕುವವನಿಗೆ ದುಡ್ಡು ಕೊಟ್ಟರು. ಅದೇ ಹೊಲದ ಇನ್ನೊಂದು ಅಂಚಿನ ಕೊಟ್ಟಿಗೆಯಲ್ಲಿ ಆದದ್ದು ಬೇರೆ. ಅಲ್ಲಿ ತಾಯಿಯನ್ನೇ ಬಂಡವಾಳವಾಗಿ ತೊಡಗಿಸಿ, ಬಂಡವಾಳವನ್ನೇ ಖರ್ಚು ಮಾಡಿಬಿಟ್ಟೆವು. ಅಜ್ಜಂಪುರದಲ್ಲಿ 1929ರಿಂದ ಅಮೃತಮಹಲಿಗೆ ಕೇಂದ್ರವಿದೆ, ತುಮಕೂರು ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಹಳ್ಳಿಕಾರಿಗೆ ಸರ್ಕಾರಿ ಫಾರಂ ಇದೆ. ಇರಲಿ, ಬೇಕು. ಆದರೆ ಒಂದು ಫಾರಮ್ಮು ಒಂದು ಸೀಮೆಯಾಗುವುದಿಲ್ಲ.

ಹೋರಿಯ ಮೋಹವೊಂದೇ ತಳಿಯನ್ನು ಕಾಯುತ್ತದೆಂದೂ ನನಗೆ ನಂಬಿಕೆಯಿಲ್ಲ. ರೀಲ್ಸಿನಲ್ಲಿ ಹೆಸರಾದ ಒಂದು ಬೀಜದ ಹೋರಿಗೆ ಸುತ್ತಲಿನ ಹಸುಗಳನ್ನೆಲ್ಲ ಹೊಡೆದುಕೊಂಡು ಹೋದರೆ ನಾಲ್ಕೇ ತಲೆಮಾರಿನಲ್ಲಿ ಎಲ್ಲ ಅಣ್ಣತಂಗಿ. ತಳಿ ಕಣ್ಣಿಗೆ ಚೆಂದವಾಗಿರುತ್ತದೆ, ಒಳಗೆ ಬರಡಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪಶು ಜೈವಿಕ ತಂತ್ರಜ್ಞಾನ ಸಂಸ್ಥೆ 2021ರಲ್ಲಿ ‘ಇಂಡಿಗೌ’ ಎಂಬ ಚಿಪ್ ತಂದಿದೆ. ದೇಶಿ ದನದ ಡಿಎನ್‌ಎಯ 11,496 ಗುರುತುಗಳನ್ನು ಒಂದೇಟಿಗೆ ಓದುತ್ತದೆ, ಯಾವುದು ಅಪ್ಪಟ, ಯಾವುದು ಬೆರಕೆ, ಯಾವುದು ಹತ್ತಿರದ ನಂಟು ಎಂದು ಹೇಳಬಲ್ಲದು. ಘಾಟಿಯ ದಲ್ಲಾಳಿಯ ಬೆರಳಿಗೆ ಕಾಣದ್ದು ಇದಕ್ಕೆ ಕಾಣುತ್ತದೆ. ಎರಡೂ ಒಂದೇ ಬಯಲಿಗೆ ಬಂದರೆ ಚೆನ್ನ.

ಚಿಂತಾಮಣಿ ದಾಟಿದ ಮೇಲೆ ಮಾತು ತೆಲುಗಿಗೆ ಹೊರಳುತ್ತದೆ. ಮೂಡಣಕ್ಕೆ ಹೋದರೆ ಮದನಪಲ್ಲಿ, ಪುಂಗನೂರು. ಆ ಪುಂಗನೂರಿನ ಕುಳ್ಳ ಹಸು, ನೆಲದಿಂದ ಮುಕ್ಕಾಲು ಮೀಟರಿನ ಆಸುಪಾಸು ಎತ್ತರ, ಅಳಿದೇಹೋಯಿತು ಎನ್ನುವಷ್ಟು ಕಡಿಮೆಯಾಗಿ ಪಲಮನೇರಿನ ಸಂಶೋಧನಾ ಕೇಂದ್ರದಲ್ಲಿ ಉಸಿರು ಹಿಡಿದಿತ್ತು. ಈಗ ಬೆಂಗಳೂರಿನ ಬಂಗಲೆಗಳ ಹುಲ್ಲುಹಾಸಿನಲ್ಲಿ ಅದು ಲಕ್ಷಗಳ ಸಾಕುಪ್ರಾಣಿ. ಫ್ಯಾಷನ್ನು ಕೂಡ ಒಂದು ತಳಿಯನ್ನು ಉಳಿಸಬಹುದು, ಒಪ್ಪಿಕೊಳ್ಳೋಣ. ಎ2 ಹಾಲಿನ ಗಿರಾಕಿಯೂ ಹಾಗೆಯೇ. ಹಾಲಿನ ಬೀಟಾ ಕೇಸಿನ್ ಪ್ರೋಟೀನಿನ 67ನೆಯ ಕೊಂಡಿ ಪ್ರೋಲಿನ್ ಆಗಿದ್ದರೆ ಎ2, ಹಿಸ್ಟಿಡಿನ್ ಆಗಿದ್ದರೆ ಎ1. ನಮ್ಮ ದನಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಎ2. ಅದಕ್ಕೆ ಜನ ಕಟ್ಟುವ ಔಷಧಿಯ ಮಹಿಮೆಗಳು ವಿಜ್ಞಾನ ಒಪ್ಪಿದ್ದಕ್ಕಿಂತ ಬಹಳ ಮುಂದೆ ಓಡುತ್ತಿವೆ. ಆದರೂ ಲೀಟರಿಗೆ ಎರಡು ಮೂರು ಪಟ್ಟು ದರ ಸಿಕ್ಕರೆ ಹಸು ಉಳಿಯುತ್ತದಲ್ಲ!

ಚಿಂತಾಮಣಿ ತಾಲ್ಲೂಕಿನ ಅಂಚಿನ ಒಂದು ಹಳ್ಳಿಯಲ್ಲಿ ಹಳ್ಳಿಕಾರ್ ಹಸು ಕಂಡು ಬೈಕು ನಿಲ್ಲಿಸಿದೆ. ಬೂದುಬಣ್ಣ, ಸಣ್ಣ ಕೆಚ್ಚಲು, ಹೋರಿಯದರಷ್ಟು ದಪ್ಪವಲ್ಲದ ಕೊಂಬು, ಹತ್ತಿರ ಹೋದರೆ ಬುಸುಗುಡುವ ಸ್ವಭಾವ. ಗಬ್ಬವಾಗಿತ್ತು. ಬೀಜದ ಹೋರಿ ಎಲ್ಲಿತ್ತು ಎಂದೆ. ಹೋರಿ ದೂರ, ಟೆಂಪೋ ಬಾಡಿಗೆ ದುಬಾರಿ, ಅದಕ್ಕೇ ಹಳ್ಳಿಕಾರ್ ಕಡ್ಡಿಯನ್ನೇ ಹೇಳಿ ತರಿಸಿದೆವು ಎಂದರು ಯಜಮಾನರು. ಸಿಗುತ್ತದೆಯೇ?

“ಸಿಗುತ್ತೆ. ಕೇಳ್ಬೇಕು. ಕೇಳೋರಿಲ್ಲ ಅಂತ ಡಾಕ್ಟ್ರು ಇಟ್ಕೊಂಡ್ ತಿರುಗಲ್ಲ, ಅಷ್ಟೇ.”

ಗಂಡು ಹುಟ್ಟಿದರೆ ಒಳ್ಳೆಯ ರೇಟು ಬರುತ್ತದಲ್ಲ ಎಂದೆ.

ಒಳಗಿನಿಂದ ಅವರ ಹೆಂಡತಿ ಹೇಳಿದರು: “ಗಂಡಾದ್ರೆ ಎರಡು ಹಲ್ಲು ಹಾಕೋದ್ರೊಳಗೆ ಇವ್ರು ಮಾರ್ಕೊಂಡ್ ಬರ್ತಾರೆ. ಈ ಸಲ ಹೆಣ್ಣಾಗ್ಲಿ ಅಂತ ಮುಡುಪು ಕಟ್ಟಿದೀನಿ. ಇದಕ್ಕೂ ವಯಸ್ಸಾಯ್ತು, ಇದ್ರದ್ದೊಂದು ಹಟ್ಟೀಲಿ ಉಳೀಬೇಕು.”

ಯಜಮಾನರು ನನ್ನ ಕಡೆ ನೋಡಿ ನಕ್ಕು, ಹೆಣ್ಣಾದರೆ ಮೇವಿನ ಖರ್ಚು ಯಾರು ಕೊಡುತ್ತಾರೆ ಎಂದು ಲೆಕ್ಕ ಹಾಕತೊಡಗಿದರು. ಬೂಸಾ ಮೂಟೆಯ ಬೆಲೆ, ರಾಗಿಹುಲ್ಲಿನ ಮೆದೆಯ ಬೆಲೆ, ಎರಡು ಲೀಟರು ಹಾಲಿನ ಬೆಲೆ. ಲೆಕ್ಕ ಸರಿಹೋಗಲಿಲ್ಲ. ಆಕೆ ಹೊರಗೆ ಬಂದು ಹಸುವಿನ ಕಣ್ಣಿ ಬಿಚ್ಚಿ ನೀರಿಗೆ ಹೊಡೆದುಕೊಂಡು ಹೋದರು.